ಆಯೇರಿ ಯಾರಿಗೆ?

— ಕಾಕಾ, ಇಲ್ಲೇ ಕುಂದ್ರೋಣ್ರಿ. ಕಂಬದ ಹಂತೇಕ ಫೋಟೋ ತಗಿಯೋರ ಗದ್ದಲ ಐತಿ.

— ಕುಂದ್ರು. ಕಂಬ ಎಲ್ಲಿ ಹೋಗತೈತಿ? ಕುಮಾರವ್ಯಾಸ ನಾರಣಪ್ಪ ಕೋಳಿವಾಡದಿಂದ ಬಂದು ಅದಕ್ಕ ಬೆನ್ನ ಹಚ್ಚಿ ಕುಂತಿದ್ದನಂತ. ಉಟ್ಟ ಒದ್ದಿ ಅರಿವಿ ಆರೂತನಕ ಭಾರತ ಹೇಳೋದು, ಆರಿತಂದ್ರ ಅವತ್ತಿಂದು ಮುಗೀತು. ಬ್ಯಾಸಗ್ಯಾಗ ಈ ಗದಗಿನ ಬಿಸಲಿಗೆ ನಾಕ ಪದ್ಯಕ್ಕೂ ಪುರಸತ್ತ ಸಿಕ್ಕಿರಲಿಕ್ಕಿಲ್ಲ. ಇರಲಿ, ನಿನ್ನ ಕಾಗದ ತಗಿ. ಏನೋ ಕೇಳೋದೈತಿ ಅಂದೆಲ್ಲ?

— ನಾಳೆ ಕ್ಲಾಸಿನಾಗ ‘ನಾಯಕ ಮತ್ತು ಪ್ರತಿನಾಯಕ’ ಅಂತ ಪಾಠ ಐತ್ರಿ. ಧನಂಜಯನ ‘ದಶರೂಪಕ’ದಾಗಿನ ಲಕ್ಷಣ ಬರಕೊಂಡೀನಿ. ಧೀರೋದಾತ್ತ, ಧೀರಲಲಿತ, ಧೀರಶಾಂತ, ಧೀರೋದ್ಧತ, ಹಿಂಗ ನಾಕ ನಮೂನಿ ನಾಯಕರು. ಅವರಿಗೆ ಎದುರು ನಿಂತವ ಪ್ರತಿನಾಯಕ: ಲೋಭಿ, ಸೆಟದು ನಿಂತವ, ಪಾಪ ಮಾಡಿದವ, ವ್ಯಸನಿ.

— ಮತ್ತ? ಎಲ್ಲಾ ಬರದೀಯಲ್ಲ.

— ಬರದೀನ್ರಿ. ಆದ್ರ ಹುಡುಗೂರಿಗೆ ಇಂಗ್ಲಿಷಿನಾಗ ಆಂಟಿ-ಹೀರೋ ಅಂತ ಇನ್ನೊಂದು ಪಾಠ ಐತಿ. ಗೈಡಿನಾಗ ಅದಕ್ಕೂ ಪ್ರತಿನಾಯಕ ಅಂತನ ಹಾಕ್ಯಾರ. ಎರಡೂ ಒಂದ ಅಲ್ಲ. ಪ್ರತಿನಾಯಕ ಅಂದ್ರ ನಾಯಕನ ವೈರಿ. ಆಂಟಿ-ಹೀರೋ ಯಾರ ವೈರೀನೂ ಅಲ್ಲ, ಕಥೀನ ಅವಂದು. ನಾಯಕ ಕುಂದ್ರೋ ಜಾಗಾದಾಗ ಅವನ ಕುಂತಿರತಾನ, ನಾಯಕಗ ಇರಬೇಕಾದ ಗುಣ ಮಾತ್ರ ಅವನ ಹಂತೇಕ ಇರಂಗಿಲ್ಲ. ರಷ್ಯಾದ ದೊಸ್ತೊಯೆವ್‌ಸ್ಕಿ 1864ರಾಗ ನೆಲಮಾಳಿಗ್ಯಾಗ ಇರೋ ಒಬ್ಬವನ ಬಾಯಿಲೆ ಒಂದು ಕಥಿ ಹೇಳಿಸ್ಯಾನ. ಆ ಮನುಷ್ಯಾ ತಾನ ಒಪ್ಕೋತಾನ್ರಿ: ಕಾದಂಬರಿ ಅಂದ್ರ ನಾಯಕ ಬೇಕು, ಇಲ್ಲಿ ನೋಡಿದ್ರ ನಾಯಕ ಅಲ್ಲದವನ ಗುಣಾನ ಬೇಕಂತ ಕೂಡಿಸಿಟ್ಟಂಗ ಆಗೈತಿ ಅಂತ.

— ಅದಕ್ಕ ಅಷ್ಟು ದೂರ ಯಾಕ ಹೋಗ್ತಿ? ಉತ್ತರಕುಮಾರ ಇಲ್ಲೇನು? ‘ಉತ್ತರನ ಪೌರುಷ ಒಲಿ ಮುಂದ’ ಅಂತ ನಿಮ್ಮ ಆಯಿ ನನಗ ದಿನಾ ಅಂತಿದ್ದಳು, ನಾ ಮಗ್ಗ ಬಿಟ್ಟು ಆಟದ ತಾಲೀಮಿಗೆ ಓಡಿದಾಗೆಲ್ಲ. ನಾರಣಪ್ಪ ಇದ ಗುಡ್ಯಾಗ ಕುಂತು ಆ ಹುಡುಗನ್ನ ಎಷ್ಟು ಕುಣಿಸ್ಯಾನ ಅಂದಿ! ಹೆಣ್ಮಕ್ಕಳ ನಡುವ ಮೀಸಿ ತಿರುವೋದು, ಸಾರಥಿ ಒಬ್ಬ ಸಿಕ್ಕರ ಸಾಕು ಕೌರವರನ್ನೆಲ್ಲ ಹಿಡತಂದು ಒಗೀತೀನಿ ಅನ್ನೋದು. ಸೈನ್ಯ ಕಂಡಕೂಡಲೆ ತೇರಿಂದ ಜಿಗದು ಓಟ! ಬೃಹನ್ನಳೆ ಬೆನ್ನಹತ್ತಿ ಹಿಡದು ತರೂತನಕ ಕೇಳೋ ಮಂದಿ ಹೊಟ್ಟಿ ಹಿಡಕೊಂಡು ನಗತೈತಿ.

— ನಕ್ಕು ಎದ್ದು ಹೋಗ್ತಾರ್ರಿ, ಕಾಕಾ. ಅದ ಹುಡುಗ ಮುಂದ ಅರ್ಜುನನ ತೇರು ಹೊಡೀತಾನ, ಅದ ಸೈನ್ಯದ ನಡುವ. ವ್ಯಾಸರ ಭಾರತದಾಗ ಕುರುಕ್ಷೇತ್ರದ ಮೊದಲ ದಿನಾನ ಆನಿ ಮ್ಯಾಲ ಕುಂತು ಶಲ್ಯನ ಮ್ಯಾಲ ಏರಿ ಹೋಗಿ ಸಾಯತಾನ. ಪಾಂಡವರ ಕಡೆ ಮೊದಲು ಬಿದ್ದವರೊಳಗ ಅವನೂ ಒಬ್ಬ.

— ಅದನ್ನ ಯಾರೂ ಗಾದಿ ಮಾಡಲಿಲ್ಲ, ನೋಡು.

— ಯಾಕ ಮಾಡಲಿಲ್ಲ ಅನ್ನೋದ ನನ್ನ ಪ್ರಶ್ನಿ. ಅಂಜಿ ಓಡಿದವನೂ ಅವನ, ಸತ್ತವನೂ ಅವನ. ಮಂದಿ ಒಂದನ್ನಷ್ಟ ಇಟಕೊಂಡ್ರು.

— ನಾರಣಪ್ಪ ಅವನ ಸಂಗಡ ಒಲಿ ಮುಂದ ಕುಂತಷ್ಟು ರಣದಾಗ ನಿಂದ್ರಲಿಲ್ಲ, ಅದಕ್ಕ. ಕವಿ ಎಲ್ಲಿ ಕುಂದ್ರತಾನೋ ಕೇಳೋರೂ ಅಲ್ಲೇ ಕುಂದ್ರತಾರ. ಅವಗ ಬೇಕಾದ ನಾಯಕ ಕೃಷ್ಣ. ಮೊದಲಿಗೇ ಹೇಳಿಬಿಟ್ಟಾನ, ಇದು ಕೃಷ್ಣನ ಕಥಿ ಅಂತ. ಉಳದವರು ಯಾರು ಹ್ಯಾಂಗ ಇದ್ದರೂ ನಡೀತೈತಿ.

— ಹೇಳಿದ್ರ ಆಗಿಬಿಡತಾನ ಏನ್ರಿ ನಾಯಕ? ನಮ್ಮ ಲಕ್ಷ್ಮೇಶ್ವರದ ಕನ್ನಡದಾಗ ಬರದವನ್ನ ನೋಡ್ರಿ.

— ‘ನಮ್ಮ’ ಲಕ್ಷ್ಮೇಶ್ವರ ಆತು ಹಂಗಾರ. ಮದುವ್ಯಾಗಿ ಎರಡ ವರ್ಷ ಆಗಿಲ್ಲ.

— ಆಗ ಪುಲಿಗೆರೆ ಅಂತಿದ್ರು. ಅಲ್ಲೀ ತಿರುಳುಗನ್ನಡದಾಗ ಬರದೀನಿ ಅಂತ ಪಂಪನ ಹೇಳ್ಯಾನ. 941ರಾಗ ‘ವಿಕ್ರಮಾರ್ಜುನ ವಿಜಯ’. ಹೆಸರಿನಾಗ ಅರ್ಜುನ, ಆಶ್ರಯ ಕೊಟ್ಟ ಅರಿಕೇಸರೀನೂ ಅರ್ಜುನ. ಅವನ ಸಲವಾಗಿ ಪಂಪ ಭಾರತದ ಗಂಟನ್ನ ಬಿಚ್ಚಿ ಬ್ಯಾರೆ ಕಟ್ಟತಾನ್ರಿ. ದ್ರೌಪದಿ ಐದ ಮಂದಿಗಲ್ಲ, ಅರ್ಜುನಗ ಒಬ್ಬಗ ಹೇಣತಿ. ಕಡೀಕ ಪಟ್ಟಾಭಿಷೇಕ ಧರ್ಮರಾಯಗಲ್ಲ, ಅರ್ಜುನಗ, ಸುಭದ್ರಿ ಸಂಗಡ. ಇಷ್ಟೆಲ್ಲಾ ಮಾಡಿ, ಕಾವ್ಯ ಮುಗಿಸೋ ಮುಂದ, ಭಾರತದಾಗ ಯಾರು ಯಾವುದಕ್ಕ ದೊಡ್ಡವರು ಅಂತ ಎಣಸತಾನ. ಮೊದಲ ಹೆಸರು ಯಾರದು ಹೇಳ್ರಿ?

— ಅರ್ಜುನಂದ ಇರಬೇಕಲ್ಲ.

— ದುರ್ಯೋಧನಂದು. ಛಲಕ್ಕ ಅವನು. ಎರಡನೇದು ಕರ್ಣ, ನನ್ನಿಗೆ. ಭೀಮ, ಶಲ್ಯ, ಭೀಷ್ಮ, ದ್ರೋಣ ಎಲ್ಲಾರೂ ಆದ ಮ್ಯಾಲ ಅರ್ಜುನನ ಪಾಳಿ.

— ಭೇಷ್! ನೋಡವಾ, ಮದುವಿ ಸೀರಿಗೆ ಅಂಚಿನಾಗ ಹೆಸರು ನೇದು ಕೊಡ್ರಿ ಅಂತ ಬೆಟಗೇರಿಗೆ ಬರತಿದ್ರು ಹಿಂದ. ರೊಕ್ಕಾ ಕೊಟ್ಟವನ ಹೆಸರು ನೇದು ಕೊಡತಿದ್ವಿ. ಆದ್ರ ಸೀರಿ ಯಾರದು? ಉಟ್ಟಾಕೀದು. ಪಂಪ ಅಂಚಿನಾಗ ಅರಿಕೇಸರೀನ್ನ ನೇದಾನ. ಸೀರಿ ಉಟಗೊಂಡಾವ ಕರ್ಣ.

— ಈ ಮಾತು ಬರಕೋತೀನ್ರಿ.

— ಬರಕೋ. ನನ್ನ ಹೆಸರು ಹಾಕಬ್ಯಾಡ. ಮತ್ತ ರನ್ನಂದೂ ಇದ ಹಣೇಬರಹ ಅಲ್ಲೇನು? ನಮಗ ಆಟ ಕಲಿಸಿದ ಮಾಸ್ತರು ದುರ್ಯೋಧನನ ವೇಷ ಕಟ್ಟಬೇಕಾದ್ರ ರನ್ನನ್ನ ಕೇಳಬೇಕು ಅಂತಿದ್ರು. ರಾತ್ರಿ ಮಗ್ಗ ನಿಂತ ಮ್ಯಾಲ ಅವರು ಓದೋದು, ನಾವು ಕೇಳೋದು. ಅರ್ಧಕ್ಕರ್ಧ ತಿಳೀತಿರಲಿಲ್ಲ. ತಿಳದ ಅರ್ಧಕ್ಕ ಮೈ ಜುಮ್ಮಂತಿತ್ತು.

— ರನ್ನ ನಮ್ಮ ಜಿಲ್ಲಾಕ್ಕ ಅಷ್ಟು ದೂರದವನೂ ಅಲ್ರಿ. ಊರು ಮುಧೋಳ ಆದ್ರೂ ಅನ್ನ ಕೊಟ್ಟಾಕಿ ಲಕ್ಕುಂಡಿ ಅತ್ತಿಮಬ್ಬೆ. 993ರಾಗ ‘ಅಜಿತಪುರಾಣ’ ಬರದದ್ದು ಆಕಿ ಸಲವಾಗಿ. ಆಕಿ ಕಟ್ಟಿಸಿದ ಬಸದಿಯ 1007ರ ಶಾಸನ ಇನ್ನೂ ಲಕ್ಕುಂಡ್ಯಾಗ ಐತಿ. ‘ಗದಾಯುದ್ಧ’ ಮಾತ್ರ ಚಾಲುಕ್ಯ ಸತ್ಯಾಶ್ರಯಗ. ಅಲ್ಲೂ ಅದ ಲೆಕ್ಕ: ಸತ್ಯಾಶ್ರಯನ ಭೀಮ, ಅದಕ್ಕ ಕಾವ್ಯದ ಇನ್ನೊಂದು ಹೆಸರು ‘ಸಾಹಸಭೀಮ ವಿಜಯ’.

— ವಿಜಯ ಭೀಮಂದು, ಖರೆ. ಆದ್ರ ರಣದಾಗ ನಡಿಯಾವ ಯಾರು? ಎಲ್ಲಾರೂ ಸತ್ತು ಬಿದ್ದಾರ. ದುರ್ಯೋಧನ ಸಂಜಯನ ಸಂಗಡ ಹೆಣ ದಾಟಿಕೋತ ಭೀಷ್ಮನ್ನ ಹುಡಿಕ್ಕೊಂಡು ಹೊಂಟಾನ. ನಡುವ ಒಬ್ಬೊಬ್ಬರ ಸಿಗತಾರ. ದ್ರೋಣ ಬಿದ್ದಾನ. ಅಭಿಮನ್ಯು ಬಿದ್ದಾನ, ವೈರಿ ಮಗ, ಅವನ ಮುಂದೂ ನಿಂತು ಕೈ ಮುಗೀತಾನ. ತನ್ನ ಮಗ ಲಕ್ಷಣಕುಮಾರ ಬಿದ್ದಾನ. ತಮ್ಮ ದುಶ್ಶಾಸನ ಬಿದ್ದಾನ, ಎದಿ ಬಗದೈತಿ. ಆಮ್ಯಾಲ ಕರ್ಣ. ನಾ ಮೂವತ್ತ ವರ್ಷ ಆ ನಡಗಿ ನಡದೀನಿ ತಂಗಿ. ಅಟ್ಟದ ಮ್ಯಾಲ ನಾಕ ಮಾರು ಜಾಗಾ, ಹೆಣ ಇಲ್ಲ ಏನಿಲ್ಲ, ಬರೇ ಹಲಗಿ. ಕೆಳಗ ಕುಂತ ಮಂದಿ ಹೆಜ್ಜಿ ಎತ್ತಿಡೋ ಮುಂದ ಉಸರ ಬಿಗಿ ಹಿಡೀತಿತ್ತು, ಎಲ್ಲಿ ತುಳದುಬಿಡತಾನೋ ಅಂತ. ಭೀಮ ಗದಾ ತಿರುವಿದಾಗ ಸೀಟಿ ಹೊಡೀತಿದ್ರು. ಸೀಟಿ ಬ್ಯಾರೆ, ಉಸರ ಬ್ಯಾರೆ.

— ಬಿ. ಎಂ. ಶ್ರೀ ಅವರು 1926ರಾಗ ಇದನ್ನ ಕಂಡುಹಿಡದಂಗ ‘ಗದಾಯುದ್ಧ ನಾಟಕಂ’ ಮಾಡಿದ್ರು. ಗ್ರೀಕ ದುರಂತ ನಾಟಕ ಓದಿದ ಕಣ್ಣು. ಭೀಮನ್ನ ಬದಿಗೆ ಸರಿಸಿ ದುರ್ಯೋಧನನ್ನ ನಡುವ ತಂದ್ರು ಅಂತ ನಾವು ಪಾಠ ಮಾಡತೀವಿ.

— ತಂದಿರಬಹುದು. ಬಯಲಾಟದ ಅಟ್ಟದ ಮ್ಯಾಲ ಅಂವಾ ಎಂದೂ ಬದೀಗೆ ಇರಲಿಲ್ಲ ಬಿಡು. ಹಂಗಾರ ನಿನ್ನ ಪ್ರಶ್ನಿಗೆ ನನ್ನ ಉತ್ತರ ಇಷ್ಟ: ಕವಿ ನಮ್ಮನ್ನ ಯಾರ ಸಂಗಡ ನಡಸತಾನೋ ಅಂವಾ ನಾಯಕ. ಯಾರಿಗೆ ಪಟ್ಟ ಕಟ್ಟತಾನೋ ಅದು ಅರಮನಿ ವ್ಯವಹಾರ.

— ಅಲ್ಲೇ ನನಗ ತೊಡಕು, ಕಾಕಾ. ಸಂಗಡ ನಡದ್ವಿ, ಅತ್ವಿ. ಅತ್ತ ಮ್ಯಾಲ ಸಭಾದಾಗ ಸೀರಿ ಸೆಳಸಿದ್ದು ಮರತಬಿಡೋದೇನು? ಮರತರ ಅಂವಾ ನಾಯಕನ ಆಗಿಬಿಡತಾನ, ಪ್ರಶ್ನಿನ ಉಳಿಯಂಗಿಲ್ಲ. 2019ರ ‘ಕುರುಕ್ಷೇತ್ರ’ ಸಿನಿಮಾ ರನ್ನನ ಹೆಸರು ಹೇಳಿಕೊಂಡ ಬಂತು. ದುರ್ಯೋಧನಗ ದೊಡ್ಡ ಹೀರೋ, ಅವಗ ತಕ್ಕ ಹಾಡು, ಅವಗ ತಕ್ಕ ಬೆಳಕು. ನನಗ ಅದು ತೊಳದು ಇಸ್ತ್ರಿ ಮಾಡಿದ ದುರ್ಯೋಧನ ಅನಿಸ್ತು.

— ಕರ್ಣನ್ನ ಅದಕ್ಕಿಂತ ಮೊದಲ ತೊಳದೀವಿ ನಾವು.

— ಹೌದ್ರಿ! ವ್ಯಾಸರ ಭಾರತದಾಗ ತುಂಬಿದ ಸಭಾದಾಗ ದ್ರೌಪದೀಗೆ ಬಾಯಿಗೆ ಬಾರದ ಮಾತಂದಾವ ಕರ್ಣ. ಸೀರಿ ಸೆಳೀ ಅಂತ ದುಶ್ಶಾಸನಗ ಹೇಳಿದಾವನೂ ಅವನ. ನಾ ಇದನ್ನ ಕ್ಲಾಸಿನಾಗ ಹೇಳಿದ್ರ ಹುಡುಗೂರು ನನ್ನ ಮ್ಯಾಲ ಸಿಟ್ಟಾಗತಾರ, ಅವರ ಮನಿ ಮಾವನ್ನ ಬೈದಂಗ. ದಾನಶೂರ ಅಂತ ಹಾರ ಹಾಕಿ ಗೋಡಿಗೆ ತೂಗು ಹಾಕೀವಿ ಅವನ್ನ. ಹಾರ ಬಿದ್ದ ಪಾತ್ರ ಅಲ್ಲಾಡಂಗಿಲ್ರಿ. ಮನಸಿನಾಗ ಕಲ್ಲು ಸಿಕ್ಕಂಗ ಇರಬೇಕು, ಅವನ ಸಂಗಡ ನಡಿಯೋ ಮುಂದ ಆ ಕಲ್ಲು ಚುಚ್ಚತಿರಬೇಕು. ಆಗ ಅಂವಾ ಆಂಟಿ-ಹೀರೋ ಅನ್ನೋದು ನನ್ನ ಲೆಕ್ಕ.

— ಹೆಸರು ಬ್ಯಾರೆ ಸಿಗಲಿಲ್ಲೇನು ನಿಮಗ? ಆಂಟಿ ಅಂದ್ರ ನನಗ ಬಾಜೂ ಮನಿಯಾಕಿ ನೆನಪಾಗತಾಳ.

— ಅಪನಾಯಕ ಅನ್ನೋಣಂದ್ರ ಬೈದಂಗಾಗತೈತಿ, ಅನಾಯಕ ಅಂದ್ರ ದಿಕ್ಕಿಲ್ಲದವ ಅನಿಸತೈತಿ. ಜೈನರ ಹಂತೇಕ ಒಂದು ಚಲೋ ಮಾತು ಐತ್ರಿ, ಪ್ರತಿವಾಸುದೇವ ಅಂತ. ಅವರು ಅರವತ್ತಮೂರು ಮಂದಿ ಶಲಾಕಾಪುರುಷರನ್ನ ಎಣಸತಾರ: ಇಪ್ಪತ್ನಾಕು ತೀರ್ಥಂಕರರು, ಹನ್ನೆರಡು ಚಕ್ರವರ್ತಿಗಳು, ಒಂಬತ್ತು ಬಲದೇವರು, ಒಂಬತ್ತು ವಾಸುದೇವರು. ಉಳದ ಒಂಬತ್ತು ಮಂದಿ ಯಾರು ಅಂದ್ರ ವಾಸುದೇವರ ಕೈಯಾಗ ಸಾಯೋ ವೈರಿಗಳು. ರಾವಣ ಅದರಾಗ ಒಬ್ಬ. ವೈರಿ ಹೆಸರೂ ಮಹಾಪುರುಷರ ಪಟ್ಟ್ಯಾಗ!

— ಸೋತವನ್ನೂ ಪಂಕ್ತ್ಯಾಗ ಕುಂದ್ರಿಸಿದಂಗ ಆತು.

— ಪಂಪ, ರನ್ನ, ನಾಗಚಂದ್ರ ಎಲ್ಲಾರೂ ಆ ಪಂಕ್ತಿ ನೋಡಿ ಬೆಳದವರು. ನಮ್ಮ ಹಳೇ ಕವಿಗಳಿಗೆ ಕೆಟ್ಟವರ ಮ್ಯಾಲ ಇಷ್ಟು ಮಮತಾ ಯಾಕ ಅಂತ ಕೇಳಿದ್ರ ನಾ ಇದನ್ನ ಮೊದಲು ಹೇಳತೀನಿ. ಲಕ್ಷ್ಮೇಶ್ವರದ ಶಂಖ ಬಸದಿ ನೆಳ್ಳಾಗ ಇದ್ದೀನಿ ಅಂತ ಹೇಳೂದಲ್ಲ. ನಾಗಚಂದ್ರನ ರಾವಣನ್ನ ನೋಡ್ರಿ. ಒಲ್ಲದ ಹೆಣ್ಣನ್ನ ಮುಟ್ಟಂಗಿಲ್ಲ ಅಂತ ವ್ರತ ಹಿಡದ ಮನುಷ್ಯಾ, ಸೀತೀನ್ನ ಕಂಡು ಒಮ್ಮೆ ಜಾರತಾನ. ಆಕಿ ಮೂರ್ಛೆ ಬಿದ್ದಾಗ ಮನಸ ತಿರುಗತೈತಿ. ತಿರುಗಿತು ಅಂತ ಆಗಿಂದಾಗ ಕರಕೊಂಡು ಹೋಗಿ ಒಪ್ಪಿಸತಾನೇನು? ಇಲ್ಲ. ಯುದ್ಧದಾಗ ರಾಮ–ಲಕ್ಷ್ಮಣರನ್ನ ಗೆದ್ದು ಆಮ್ಯಾಲ ಒಪ್ಪಿಸತೀನಿ ಅಂತಾನ. ತಪ್ಪು ತಿಳದಮ್ಯಾಲೂ ಸೊಕ್ಕು ಬಿಡವೊಲ್ಲದು! ಆ ‘ಆಮ್ಯಾಲ’ ಅನ್ನೋ ಮಾತಿನಾಗ ಸಾಯತಾನ ಅಂವಾ.

— ಇಂಥಾವ ನಮ್ಮ ಓಣ್ಯಾಗ ಇಬ್ಬರು ಅದಾರ. ಭಾಗದ ಜಗಳಾ. ಕೋರ್ಟಿನಾಗ ಗೆದ್ದ ಮ್ಯಾಲ ತಮ್ಮಗ ಮನಿ ಬಿಟಕೊಡತೀನಿ ಅಂತ ಇಪ್ಪತ್ತ ವರ್ಷದಿಂದ ತಾರೀಖಿಗೆ ಹೋಗ್ಯಾನ ಒಬ್ಬ. ಅದಿರಲಿ. ನೀ ಪುಲಿಗೆರೆ ಅಂದಿ, ಬಸದಿ ಅಂದಿ. ಸೋಮೇಶ್ವರನ ಗುಡಿ ಕಥಿ ಗೊತ್ತೈತಿಲ್ಲ ನಿನಗ?

— ಆದಯ್ಯಂದು. ಹರಿಹರ ರಗಳೆ ಬರದಾನ. ಸೌರಾಷ್ಟ್ರದಿಂದ ವ್ಯಾಪಾರಕ್ಕ ಬಂದಾವ, ಹೇಣತಿ ಪದ್ಮಾವತಿ ಜೈನರ ಮಗಳು. ಹಟಾ ತೊಟ್ಟು ಸೌರಾಷ್ಟ್ರದ ಸೋಮನಾಥನ್ನ ಪುಲಿಗೆರೆಗೆ ತಂದು ಬಸದ್ಯಾಗ ಪ್ರತಿಷ್ಠಾಪನಾ ಮಾಡಿದ ಅಂತ ಕಥಿ. ಹರಿಹರಗ ಅಂವಾ ಶರಣ, ನಾಯಕ.

— ಅದನ್ನ ಬಸದ್ಯಾಗಿನ ಕವಿ ಬರದಿದ್ರ?

— ಬರದಿದ್ರ ನನಗ ಇನ್ನೊಂದು ಪಾಠ ಆಗತಿತ್ತು. ನಮ್ಮತ್ತಿ ಸೋಮವಾರಕ್ಕೊಮ್ಮೆ ಆ ಗುಡೀಗೆ ಹೋಗತಾರ, ಬರೋ ಹಾದ್ಯಾಗ ಈ ಪ್ರಶ್ನಿ ಕೇಳೋ ಧೈರ್ಯಾ ನನಗ ಇನ್ನೂ ಬಂದಿಲ್ಲ.

— ಕೇಳಬ್ಯಾಡ, ಊಟ ಸಿಗಂಗಿಲ್ಲ. ಮುಂಡರಗಿ ಭೀಮರಾಯಂದೂ ಹಂಗ ಅಲ್ಲೇನು? ಕುಂಪಣಿ ಸರಕಾರದ ಚಾಕರಿ ಮಾಡಿದಾವ. 1858ರಾಗ ಹಮ್ಮಿಗಿ ಕೆಂಚನಗೌಡನ ಕೂಡ ಸೇರಿ ಡಂಬಳದ ಖಜಾನಿ ಒಡದ, ಕೊಪ್ಪಳದ ಕೋಟಿ ಹಿಡದ, ಜೂನ್ 1ಕ್ಕ ಅಲ್ಲೇ ಸತ್ತ. ಸರಕಾರದ ದಫ್ತರದಾಗ ಬಂಡುಕೋರ. ಈಗ ಅವನ ಹೆಸರು ತಗೊಂಡ್ರ ಎದಿ ಉಬ್ಬಸತಾರ. ಖಜಾನಿ ಒಡದದ್ದು ಒಂದ, ಕಾಗದ ಎರಡು.

— ಆ ಶಬ್ದಾನ ತಿರಿಗಿ ನಿಂತೈತ್ರಿ. ಬಂಡು ಅಂದ್ರ ಆಗ ಅಪರಾಧ. 1979ರಾಗ ಲೇಖಕರು ತಮ್ಮ ಸಂಘಟನಾಕ್ಕ ಬಂಡಾಯ ಅಂತ ಹೆಸರಿಟಗೊಂಡ್ರು. ಮರುವರ್ಷ ನರಗುಂದದಾಗ ರೈತರು ಎದ್ದಾಗ ಅದೂ ಬಂಡಾಯ ಆತು. ಬೈಗಳಾ ಇದ್ದದ್ದು ಬಿರುದಾತು. ಆದ್ರ ಕಾಕಾ, ಭೀಮರಾಯನ್ನ ನನ್ನ ಪಟ್ಟ್ಯಾಗ ಸೇರಸಂಗಿಲ್ಲ. ಅಲ್ಲಿ ಇಬ್ಬರ ಕಣ್ಣು ಬ್ಯಾರೆ ಬ್ಯಾರೆ, ಅಷ್ಟ. ನನಗ ಬೇಕಾದಾವ ಒಂದ ಕಣ್ಣಿಗೆ ಎರಡಾಗಿ ಕಾಣಬೇಕು.

— ಸಂಗ್ಯಾನಂಗ.

— ಸಂಗ್ಯಾ ಬಾಳ್ಯಾದ ಸಂಗ್ಯಾನ?

— ಅವನ. ಗೆಳ್ಯಾ ಈರಣ್ಣನ ಮನೀಗೆ ಕನ್ನಾ ಹಾಕಿದಾವ, ಅವನ ಹೇಣತಿ ಗಂಗೀನ್ನ ಕೆಡಿಸಿದಾವ. ಈರಣ್ಣ ಸಿಟ್ಟಾದ್ದು ಸುಳ್ಳೇನು? ಆದ್ರೂ ಸಣ್ಣಾಟದಾಗ ಕೊಡಲಿ ಏಟು ಬೀಳೋ ಮುಂದ ಮಂದಿ ಸಂಗ್ಯಾಗ ಅಳತೈತಿ. ತಮ್ಮ ಮನ್ಯಾಗ ಹಂಗಾಗಿದ್ರ ತಾವ ಕೊಡಲಿ ಹಿಡಿಯೋ ಗಂಡಸರು, ಅವರೂ ಅಳತಾರ.

— ನಮ್ಮ ಹೊಸ ಕಾದಂಬರಿಗಿಂತ ಅದು ಗಟ್ಟಿ ಐತ್ರಿ. 1965ರ ‘ಸಂಸ್ಕಾರ’ದಾಗೂ ಒಬ್ಬ ನಾರಣಪ್ಪ ಅದಾನ, ನಿಮ್ಮ ಕಂಬದ ನಾರಣಪ್ಪನ ಹೆಸರಿನಾವ. ಅಗ್ರಹಾರದ ನೇಮಾ ಎಲ್ಲಾ ಮುರದಾವ. ಕಾದಂಬರಿ ಸುರು ಆಗೋದರಾಗ ಸತ್ತಿರತಾನ, ಒಂದು ಹೆಜ್ಜೀನೂ ನಡಿಯಂಗಿಲ್ಲ. ಅವನ ಹೆಣಾ ಸುಡೋದು ಹ್ಯಾಂಗ ಅಂತ ಪ್ರಾಣೇಶಾಚಾರ್ಯ ತಲಿ ಕೆಡಿಸಿಕೊಂಡು, ಕಡೀಕ ತಾನ ಊರು ಬಿಟ್ಟು ನಡೀತಾನ. ನಿಮ್ಮ ಲೆಕ್ಕದಾಗ ಆಚಾರ್ಯ ನಾಯಕ ಆತು, ನಾವು ನಡಿಯೋದು ಅವನ ಸಂಗಡ. ಆದ್ರ ನಡಸೋದು ಹೆಣಾ.

— ಹೆಣಾ ನಡಸೋ ಕಥಿ! ಹಂಗಾರ ನನ್ನ ಲೆಕ್ಕಾ ತಪ್ಪಿತು ಅನ್ನು.

— ತಪ್ಪಲಿಲ್ರಿ, ಅರ್ಧಾ ಆತು. ಇನ್ನೊಂದು ಹೇಳಲೇನು? ನಾವು ಇಬ್ಬರೂ ಆಗಿಂದ ಬರೇ ಗಂಡಸರನ್ನ ಎಣಸಾಕತ್ತೀವಿ. ‘ದಶರೂಪಕ’ದಾಗ ನಾಯಿಕೆಯರಿಗೂ ಪಟ್ಟಿ ಐತಿ: ಗಂಡ ಊರಿಗೆ ಹೋದಾಕಿ, ಗಂಡಗ ಕಾಯಾಕಿ, ಗಂಡನ ಮ್ಯಾಲ ಸಿಟ್ಟಾದಾಕಿ. ಎಲ್ಲಾ ಅವನ ಲೆಕ್ಕದಾಗ ಆಕಿ. ಕೆಟ್ಟಾಕಿ ಆಗಾಕೂ ಸ್ವಂತ ಜಾಗಾ ಇಲ್ಲ. ಕುಮಾರವ್ಯಾಸನ ದ್ರೌಪದಿ ಮಾತ್ರ ಕೀಚಕನ ಕಾಟಕ್ಕ ನಡುರಾತ್ರಿ ಅಡಗಿಮನೀಗೆ ಹೋಗಿ ಭೀಮನ್ನ ಎಬ್ಬಿಸಿ ಗಂಡಂದಿರನ್ನೆಲ್ಲ ತಗೋತಾಳ ನೋಡ್ರಿ, ಆ ರಾತ್ರಿ ಯಾವ ಪಟ್ಟ್ಯಾಗೂ ಬರಂಗಿಲ್ಲ ಆಕಿ.

— ಆ ಮಾತಿಗೆ ಒಂದು ನೆನಪಾತು. ಹೇಳಲೋ ಬ್ಯಾಡೋ. ಬಸ್ಸಿಗೆ ಹೊತ್ತೈತೇನು?

— ಐತ್ರಿ, ಹೇಳ್ರಿ.

— ಮುಂಡರಗಿ ಕಡೆ ಒಂದು ಹಳ್ಳಿ. ಜಾತ್ರಿ ಮರುದಿನ ದೊಡ್ಡಾಟ. ರಾತ್ರಿ ಹತ್ತಕ್ಕ ಪಗಡಿ ಆಟ, ಬೆಳಗಾಗೂದ್ರಾಗ ತೊಡಿ ಮುರಿಯೋದು, ಹಂಗ ಕೂಡಿಸಿದ್ದ ಆಟ. ನಂದು ದುರ್ಯೋಧನ. ಅಟ್ಟದ ಮುಂದ ಒಬ್ಬ ಮುದುಕಿ ಕೌದಿ ಹೊದಕೊಂಡು ಕುಂತಿದ್ದಳು. ದ್ರೌಪದೀನ್ನ ಎಳಕೊಂಡು ಬಂದ್ರಲ್ಲ, ನಾ ತೊಡಿ ತಟ್ಟಿ ತೋರಿಸಿದೆ. ಮುದುಕಿ ಎದ್ದು ನಿಂತು ಬೈಯಾಕ ಹತ್ತಿದಳು. ನನ್ನ ಹೆಣಾ ಎತ್ತಿ, ನನ್ನ ಬಾಯಾಗ ಮಣ್ಣ ಹಾಕಿ, ಏಳ ತಲಿ ತೆಗದಳು. ಮಾಸ್ತರು ಹಾರ್ಮೋನಿಯಂ ಮ್ಯಾಲ ಕೈ ಇಟ್ಟು ನಗಾಕತ್ತಿದ್ರು. ನನಗ ನಗು ಬರಲಿಲ್ಲ, ಮುದುಕಿ ಕೈಯಾಗ ಕೆರಾ ಇತ್ತು.

— ಒಗದಳೇನ್ರಿ?

— ಇಲ್ಲ, ಯಾರೋ ಹಿಡದು ಕುಂದ್ರಿಸಿದ್ರು. ಬೆಳಗಿನ ಜಾವ ರಣದಾಗ ಹೆಣ ನೋಡೋ ನಡಗಿ. ಆಗ ಕೆಳಗ ನೋಡಬಾರದು ಅಂತ ಮಾಸ್ತರು ಹೇಳಿದ್ರೂ ಕಣ್ಣು ಅತ್ತ ಹೋತು. ಮುದುಕಿ ಎಚ್ಚರ ಇದ್ದಳು, ಸುಮ್ಮ ಕುಂತಿದ್ದಳು. ಭೀಮ ತೊಡೀಗೆ ಹೊಡದ, ನಾ ಬಿದ್ದೆ. ಭೀಮಗ ಆಯೇರಿ ಮ್ಯಾಲ ಆಯೇರಿ. ಹತ್ತು ರೂಪಾಯಿ, ಟಾವೆಲ್ಲು, ತೆಂಗಿನಕಾಯಿ, ಸಾರಥಿ ಮೈಕಿನಾಗ ಹೆಸರ ಕೂಗೇ ಕೂಗಿದ. ಅಷ್ಟರಾಗ ಮುದುಕಿ ಅಟ್ಟದ ಹಂತೇಕ ಬಂದು ಸೆರಗಿನ ಗಂಟು ಬಿಚ್ಚಿ ಐದ ರೂಪಾಯಿ ಕೊಟ್ಟಳು. ‘ಇದು ದುರ್ಯೋಧನಗ ಅಲ್ಲ, ಅವನ ಅವ್ವಗ’ ಅಂದಳು.

— ಗಾಂಧಾರೀಗೆ?

— ನಮ್ಮ ಆಟದಾಗ ಗಾಂಧಾರಿ ಪಾತ್ರನ ಇರಲಿಲ್ಲ! ಸಾರಥಿ ಮೈಕ ಹಿಡಕೊಂಡು ಮಾಸ್ತರ ಮಾರಿ ನೋಡತಾನ, ಮಾಸ್ತರು ನನ್ನ ಮಾರಿ ನೋಡತಾರ. ನಾ ಸಾಯಾಕ ಬಿದ್ದಾವ, ಏನ ಮಾಡಲಿ? ಆ ಐದ ರೂಪಾಯಿ ತಗೊಳ್ಳಾಕ ಯಾರೂ ಇಲ್ಲ. ಮುದುಕಿ ಕೈ ಹಂಗ ಚಾಚಿ ನಿಂತಾಳ.

— ಆಮ್ಯಾಲ?

— ದ್ರೌಪದಿ ಕಟ್ಟಿದ್ದ ಹುಡುಗ ಪರದೇ ಹಿಂದ ಬೀಡಿ ಸೇದಕೋತ ಕುಂತಿದ್ದ, ಸೀರಿ ಇನ್ನೂ ಬಿಚ್ಚಿರಲಿಲ್ಲ. ಅಂವಾ ಬೀಡಿ ಒಗದು, ಕಣ್ಣಿಗೆ ಒಂದು ಅರಿವಿ ಕಟಗೊಂಡು, ತಡವರಿಸಿಕೋತ ಹೊರಗ ಬಂದು ಉಡಿ ಒಡ್ಡಿದ. ಮುದುಕಿ ರೊಕ್ಕಾ ಹಾಕಿ ಅವನ ಗದ್ದ ಮುಟ್ಟಿ, ‘ಇನ್ನ ಒಂದೀಟು ಚಾ ಕುಡಿಯವಾ, ರಾತ್ರಿಯೆಲ್ಲಾ ನಿದ್ದಿಲ್ಲ ನಿನಗ’ ಅಂದಳು.